ಮೆಜೆಸ್ಟಿಕ್‌ನ ಜನಸಂದಣಿಯಲ್ಲಿ ಪವರ್ ಬ್ಯಾಂಕ್: ಹೊರಡುವ ಮುನ್ನ ಮತ್ತು ಹೊಗೆ ಕಂಡಾಗ

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ನಿಲ್ದಾಣಗಳು, ರೈಲು ನಿಲ್ದಾಣ ಮತ್ತು ನೆಲದಡಿಯ ಮೆಟ್ರೊ ನಿಲ್ದಾಣ ಒತ್ತಟ್ಟಿಗಿವೆ. ಅಲ್ಲಿ ಓಡಾಡುವ ಬಹುತೇಕರ ಚೀಲದಲ್ಲಿ ಮೊಬೈಲ್, ಪವರ್ ಬ್ಯಾಂಕ್‌ನಂಥ ಲಿಥಿಯಂ ಅಯಾನ್ ಬ್ಯಾಟರಿಯ ಸಾಧನ ಒಂದಾದರೂ ಇರುತ್ತದೆ. ಅದು ಹೊತ್ತಿಕೊಳ್ಳುವುದು ಅಪರೂಪವೇ. ಆದರೆ ನೆಲದಡಿಯಲ್ಲಿ ಹೊತ್ತಿಕೊಂಡರೆ ಬೆಂಕಿಗಿಂತ ಮೊದಲು ಹೊಗೆಯೂ ನೂಕುನುಗ್ಗಲೂ ಜನರನ್ನು ಅಪಾಯಕ್ಕೆ ದೂಡುತ್ತವೆ. ಆದ್ದರಿಂದ ಎಚ್ಚರಿಕೆ ಮನೆಯಲ್ಲೇ ಆರಂಭವಾಗಬೇಕು.

ಹೊರಡುವ ಮುನ್ನ ಪವರ್ ಬ್ಯಾಂಕನ್ನು ಸಮತಟ್ಟಾದ ಮೇಜಿನ ಮೇಲಿಟ್ಟು ನೋಡಿ. ಮೊದಲು ಸಪಾಟಾಗಿದ್ದದ್ದು ಈಗ ಅಲುಗಾಡಿದರೆ, ಅಥವಾ ಅಂಚಿನ ಜೋಡಣೆ ಬಾಯಿಬಿಟ್ಟಿದ್ದರೆ, ಒಳಗೆ ಅನಿಲ ತುಂಬಿ ಬ್ಯಾಟರಿ ಊದಿಕೊಂಡಿರಬಹುದು. ಅಂಥದ್ದನ್ನು ಚಾರ್ಜ್ ಮಾಡಬಾರದು, ಒತ್ತಬಾರದು, ಚುಚ್ಚಬಾರದು, ನಿಲ್ದಾಣದ ಕಸದ ಬುಟ್ಟಿಗಂತೂ ಹಾಕಲೇಬಾರದು. ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಹೊಸದನ್ನು ಕೊಳ್ಳುವಾಗ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿಯ ಗುರುತು ಇದೆಯೇ ಎಂದು ನೋಡಿಕೊಳ್ಳಿ.

ಬ್ಯಾಟರಿಯ ಎರಡು ಧ್ರುವಗಳನ್ನು ಬೇರ್ಪಡಿಸುವುದು ತೀರಾ ತೆಳುವಾದ ಪ್ಲಾಸ್ಟಿಕ್ ಪದರ. ಜಜ್ಜಿ ಅದು ಹರಿದರೆ ಒಳಗೇ ಶಾರ್ಟ್ ಸರ್ಕ್ಯೂಟ್ ಆಗಿ, ಹುಟ್ಟಿದ ಶಾಖವೇ ಮತ್ತಷ್ಟು ಶಾಖವನ್ನು ಹುಟ್ಟಿಸುತ್ತಾ ಪಕ್ಕದ ಕೋಶಗಳಿಗೆ ಹರಡುತ್ತದೆ. ಹೀಗಾಗಿ ಪವರ್ ಬ್ಯಾಂಕನ್ನು ಊಟದ ಡಬ್ಬಿಯ ಅಡಿಯಲ್ಲಾಗಲಿ, ಕೀಲಿ ಮತ್ತು ಚಿಲ್ಲರೆಯ ಜೊತೆಯಲ್ಲಾಗಲಿ ಇಡದೆ, ಕೈಗೆ ಸುಲಭವಾಗಿ ಸಿಗುವ ಪ್ರತ್ಯೇಕ ಜೇಬಿನಲ್ಲಿಡಿ. ಮುಚ್ಚಿದ ಚೀಲದೊಳಗೆ ಮೊಬೈಲ್ ಚಾರ್ಜ್ ಮಾಡಬೇಡಿ.

ಎಲೆಕ್ಟ್ರಿಕ್ ಸ್ಕೂಟರ್ ಬ್ಯಾಟರಿಯ ಮಾತೇ ಬೇರೆ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್ ಅವರ್ ಶಕ್ತಿಯಿದ್ದರೆ, 2 ಕಿಲೊವ್ಯಾಟ್ ಅವರ್ ಬ್ಯಾಟರಿಯಲ್ಲಿ ಅದರ 50 ಪಟ್ಟಿಗೂ ಹೆಚ್ಚು ಇರುತ್ತದೆ. 2021ರ ನವೆಂಬರ್‌ನಲ್ಲಿ ಲಂಡನ್ನಿನ ಪಾರ್ಸನ್ಸ್ ಗ್ರೀನ್ ನಿಲ್ದಾಣದಲ್ಲಿ ರೈಲಿನೊಳಗೆ ನಿಂತು ಓಡಿಸುವ ಪುಟ್ಟ ಇ-ಸ್ಕೂಟರ್ ಹೊತ್ತಿಕೊಂಡ ಬಳಿಕ, ಅಲ್ಲಿನ ಸಾರಿಗೆ ಸಂಸ್ಥೆ ಡಿಸೆಂಬರ್‌ನಲ್ಲೇ ಖಾಸಗಿ ಇ-ಸ್ಕೂಟರ್‌ಗಳನ್ನು ತನ್ನ ರೈಲು, ಬಸ್ಸುಗಳಲ್ಲಿ ಒಯ್ಯುವುದನ್ನು ನಿಷೇಧಿಸಿತು. ರಿಪೇರಿಗೆಂದು ಬಿಚ್ಚಿದ ಸ್ಕೂಟರ್ ಬ್ಯಾಟರಿಯನ್ನು ಮೆಟ್ರೊದಲ್ಲಾಗಲಿ, ಬಸ್ಸಿನಲ್ಲಾಗಲಿ ಒಯ್ಯುವುದು ಸಹಪ್ರಯಾಣಿಕರಿಗೆ ಬಗೆಯುವ ಅನ್ಯಾಯವೆಂದೇ ನನ್ನ ಭಾವನೆ.

ಚೀಲ ವಿಪರೀತ ಬಿಸಿಯಾದರೆ, ಒಳಗಿಂದ ಬುಸುಗುಟ್ಟುವ ಸದ್ದು ಅಥವಾ ಘಾಟು ವಾಸನೆ ಬಂದರೆ, ತಕ್ಷಣ ಹೆಗಲಿನಿಂದ ಇಳಿಸಿ, ಮೆಟ್ಟಿಲು ಮತ್ತು ಎಸ್ಕಲೇಟರ್‌ನಿಂದ ದೂರದಲ್ಲಿ ನೆಲಕ್ಕಿಡಿ. ಅದನ್ನು ಹಿಡಿದುಕೊಂಡು ಜನರ ನಡುವೆ ಓಡಬೇಡಿ. ಸುತ್ತಲಿನವರನ್ನು ಹಿಂದೆ ಸರಿಸಿ, ನಿಲ್ದಾಣದ ಸಿಬ್ಬಂದಿಯನ್ನು ಕೂಗಿ, 112ಕ್ಕೆ ಕರೆ ಮಾಡಿ. ಚಲಿಸುವ ಮೆಟ್ರೊದಲ್ಲಾದರೆ ತುರ್ತು ಗುಂಡಿ ಒತ್ತಿ ಚಾಲಕರಿಗೆ ತಿಳಿಸಿ, ಪಕ್ಕದ ಬೋಗಿಗೆ ಸರಿಯಿರಿ. ಸುರಂಗದಲ್ಲಿ ಬಾಗಿಲು ತೆರೆಯಲು ಯತ್ನಿಸಬೇಡಿ.

ಜ್ವಾಲೆ ಆರಿದರೂ ಸಾಧನವನ್ನು ಮುಟ್ಟಬೇಡಿ, ಏಕೆಂದರೆ ಉಳಿದ ಶಾಖದಿಂದ ಅದು ಮತ್ತೆ ಹೊತ್ತಿಕೊಳ್ಳಬಹುದು. ಆ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್‌ನಂಥ ವಿಷಾನಿಲಗಳು ಇರಬಹುದಾದ್ದರಿಂದ, ಅದನ್ನು ಉಸಿರಾಡಿದವರು ಆರಾಮವಾಗಿದ್ದೇವೆ ಎನಿಸಿದರೂ ಅಂದೇ ವೈದ್ಯರಿಗೆ ತೋರಿಸಿಕೊಳ್ಳಬೇಕು.