ಪಾಟಾ ಉಕ್ಕಿನ ಕೊಯ್ತಾ ಮುರಿಯೋದು ನಿಂತದ್ದು ಹೀಗೆ: ನನ್ನ ಅನುಭವ

ಮೂರು ಸೀಜನ್ ಹಿಂದೆ ಮುಧೋಳ ಕಡೆಯ ಒಂದು ಕಬ್ಬಿನ ಗ್ಯಾಂಗಿಗೆ ಪಾಟಾದಿಂದ, ಅಂದರೆ ಗಾಡಿಯ ಸ್ಪ್ರಿಂಗ್ ಪಟ್ಟಿಯ ಉಕ್ಕಿನಿಂದ, 40 ಕೊಯ್ತಾ (ಕಬ್ಬು ಕಡಿಯುವ ಕತ್ತಿ) ಮಾಡಿಕೊಟ್ಟಿದ್ದೆ. ಎಂಟೇ ದಿನಕ್ಕೆ 11 ವಾಪಸ್ ಬಂದವು. ಹೆಚ್ಚಿನವುಗಳ ಬಾಯಿ ಚೂರು ಹಾರಿತ್ತು, ಎರಡು ನಡುವೆಯೇ ತುಂಡು. ಒಂದಕ್ಕೆ 350ರಂತೆ ರೊಕ್ಕ ತಿರುಗಿ ಕೊಟ್ಟೆ. ಇದ್ದಲಿ, ಕೂಲಿ ಸೇರಿ ಐದಾರು ಸಾವಿರ ಹೋಯಿತು.

ಗಡಸು ಹೆಚ್ಚಾಗಿದೆ ಎಂದುಕೊಂಡು ನೀಲಿ ಬಣ್ಣ ಬರುವ ತನಕ, ಅಂದರೆ 300 ಡಿಗ್ರಿ ಸೆಲ್ಸಿಯಸ್ ಸುಮಾರು, ಮರಳಿ ಕಾಸತೊಡಗಿದೆ. ಅಲ್ಲೇ ಒಂದು ವರ್ಷ ಕಳೆದುಕೊಂಡೆ. ಬಾಯಿ ಮಡಚಿಕೊಳ್ಳುತ್ತಿತ್ತು, ಏಟಿಗೆ ಮುರಿಯೋದೂ ತಪ್ಪಲಿಲ್ಲ. ಕ್ರೋಮ್ ಬೆರೆತ ಪಾಟಾವನ್ನು 260ರಿಂದ 370ರ ನಡುವೆ ಮರಳಿ ಕಾಸಿದರೆ ಗಡಸು ಇಳಿಯುತ್ತದೆ, ಜಿಗುಟು ಮಾತ್ರ ಬರುವುದಿಲ್ಲ. ಸಿಲಿಕಾನ್ ಜಾಸ್ತಿ ಇರುವ ಪಾಟಾದಲ್ಲಿ ಈ ಕೆಟ್ಟ ಜಾಗ ಇನ್ನೂ ಮೇಲಕ್ಕೆ ಸರಿಯುತ್ತದೆ.

ಮುರಿದ ಒಂದನ್ನು ಬಿಸಿಲಿಗೆ ಹಿಡಿದು ನೋಡಿದಾಗ ಒಳಗೆಲ್ಲ ಜೋಳದ ನುಚ್ಚಿನಂಥ ಕಾಳು. ಬಡಿಯುವಾಗಲೇ ಕಾವು ಮಿತಿಮೀರಿತ್ತು. ಅಂದಿನಿಂದ ಬಡಿದ ಮೇಲೆ ಮೂರು ಸಲ ಕಾಸಿ ಗಾಳಿಯಲ್ಲೇ ಆರಲು ಬಿಡುತ್ತೇನೆ, ಪ್ರತಿ ಸಲ ಕಾವು ತುಸು ಕಡಿಮೆ. ಗಡಸು ಮಾಡಲು ಎಣ್ಣೆಗೆ ಇಳಿಸುವ ಕಾವು, ಉಕ್ಕಿಗೆ ಆಯಸ್ಕಾಂತ ಅಂಟೋದು ನಿಂತ ಮೇಲೆ ಬಣ್ಣದಲ್ಲಿ ಒಂದು ಛಾಯೆ ಮೇಲೆ, 830ರ ಹತ್ತಿರ. ಈಗ ತುಂಡು ಮುರಿದರೆ ಒಳಗೆ ಹಿಟ್ಟಿನ ಹಾಗೆ ನಯ. ಅರ್ಧ ಕೆಲಸ ಇಷ್ಟರಲ್ಲೇ ಆಯಿತು.

ನೀರಿಗೆ ಹಾಕಿ ಬಿರುಕು ಬಿಡಿಸಿಕೊಂಡದ್ದು ಬೇಕಾದಷ್ಟು. ಈಗ ಎಣ್ಣೆಯೇ, 55-60ಕ್ಕೆ ಬೆಚ್ಚಗೆ ಮಾಡಿ. ಯಾವ ಎಣ್ಣೆಗೆ ಯಾವುದನ್ನು ಬೆರೆಸುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಆರಿದ ಕೂಡಲೇ ಒವನ್‌ಗೆ: 200-210ರಲ್ಲಿ ಎರಡೆರಡು ತಾಸು, ಎರಡು ಸಲ. 4,500 ಕೊಟ್ಟ ಮನೆಬಳಕೆಯ ಒವನ್ ಅದು. ಡಯಲ್ 25 ಡಿಗ್ರಿ ತಪ್ಪು ತೋರಿಸುತ್ತಿತ್ತು. ಅದಕ್ಕೇ ತಟ್ಟೆಯಲ್ಲಿ ಉಸುಕು ತುಂಬಿ, ಅದರೊಳಗೆ ಕಾವು ಅಳೆಯುವ ಥರ್ಮೋಕಪಲ್ ಇಟ್ಟೆ. “ರೊಟ್ಟಿ ಬೇಯಿಸಿದಂಗ ಬೇಯಿಸಿದ್ರ ಕಬ್ಬಿಣ ಹದಾ ಆಗತೈತೇನೋ ತಮ್ಮಾ?” ಅಂದಿದ್ದರು ಕಾಕಾ. ಈಗ ಅವರ ಕುಡಗೋಲೂ ಇದೇ ಒವನ್‌ಗೆ ಬರುತ್ತವೆ.

ಕೊನೆಗೆ ಬಾಯಿಯನ್ನು ನೀರಲ್ಲಿಟ್ಟು ಬೆನ್ನಿಗೆ ಮಾತ್ರ ಟಾರ್ಚಿನ ಉರಿ. ಬೆನ್ನು ನೀಲಿಗೆ ನಿಲ್ಲಬಾರದು, ಅದು ಮೇಲೆ ಹೇಳಿದ ಕೆಟ್ಟ ಜಾಗವೇ; ನೀಲಿ ದಾಟಿ ಬೂದಿ ಬಣ್ಣಕ್ಕೆ ಬರಬೇಕು.

ಬೆಳಗಾವಿ ಉದ್ಯಮಬಾಗದಲ್ಲಿ ಬಾಯಿಯ ಗಡಸು ಅಳೆಸಿದೆ: ರಾಕ್‌ವೆಲ್ ಸಿ ಅಳತೆಯಲ್ಲಿ 57, ಒಂದು 58. ಹಿತ್ತಾಳೆ ಸರಳಿನ ಮೇಲೆ ಒತ್ತಿದರೆ ಬಾಯಿ ಬಾಗಿ ಮತ್ತೆ ನೆಟ್ಟಗಾಗುತ್ತದೆ.

ನಡುವೆ ಬೇರಿಂಗಿನ ಉಂಗುರದಿಂದ (ಆ ಉಕ್ಕಿನ ಹೆಸರು ಇಎನ್ 31) ಮನೆಗೊಂದು ಚಾಕು ಮಾಡಿದ್ದೆ. 180ರಲ್ಲಿ ಹದ ಮಾಡಿದ್ದು, ಗಡಸು 61 ಬಂತು. ಉಳ್ಳಾಗಡ್ಡಿಗೆ ಅದರಂಥದ್ದಿಲ್ಲ, ಎಲುಬಿಗೆ ತಾಗಿ ಬಾಯಿ ಹಾರಿತು. ಕೊಯ್ತಾಕ್ಕೆ ಆ ಉಕ್ಕು ಬೇಡವೇ ಬೇಡ.

ಹೋದ ಸೀಜನ್ 120 ಕೊಟ್ಟೆ, ವಾಪಸ್ ಬಂದದ್ದು ಮೂರು. ಅದರಲ್ಲಿ ಎರಡು ಹಿಡಿಕೆಯ ತಕರಾರು. ದರ ಈಗ 450, ಗ್ಯಾಂಗಿನ ಮುಖ್ಯಸ್ಥರಾದ ಮುಕಾದಮರು ಚೌಕಾಸಿ ಇಲ್ಲದೆ ಕೊಡುತ್ತಾರೆ. ಹತ್ತಕ್ಕೊಂದು ಎಣ್ಣೆಯಲ್ಲಿ ಸೊಟ್ಟಾಗೋದು ಮಾತ್ರ ಇನ್ನೂ ಇದೆ. ಅದಕ್ಕೇ ಎಣ್ಣೆಯಿಂದ ಎತ್ತಿದ ಕೂಡಲೇ, ಬಿಸಿ ಇರುವಾಗಲೇ, ಎರಡು ದಪ್ಪ ತಗಡಿನ ನಡುವೆ ವೈಸಿಗೆ ಬಿಗಿಯುತ್ತಿದ್ದೇನೆ.