ಕಡಿಮೆ ಎತ್ತರದವರಿಗೆ ಹೊಂದುವ ಕಾರು: ಹಿಮ್ಮಡಿಯಿಂದ ಶುರುವಾಗುವ ಅಳತೆ

ನನ್ನ ಎತ್ತರ 4 ಅಡಿ 10 ಅಂಗುಲ, ಅಂದರೆ 147 ಸೆಂ.ಮೀ. ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಕೆಲಸಕ್ಕಾಗಿ ದಿನವೂ ನಾನೇ ಕಾರು ಓಡಿಸಿಕೊಂಡು ಹೋಗಿಬರುತ್ತೇನೆ. ನನ್ನ ಮೊದಲ ಕಾರಿನಲ್ಲಿ ಚಾಲಕರ ಸೀಟನ್ನು ಹಿಂದೆ ಮುಂದೆ ಸರಿಸಬಹುದಿತ್ತೇ ಹೊರತು ಮೇಲೆತ್ತಲು ಬರುತ್ತಿರಲಿಲ್ಲವಾದ್ದರಿಂದ, ಮನೆಯಲ್ಲಿದ್ದ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕುಳಿತು ಓಡಿಸುತ್ತಿದ್ದೆ. ಒಂದು ಮಳೆಗಾಲದಲ್ಲಿ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ, ತಿರುವಿನಲ್ಲಿ ಎದುರಿಗೆ ಬಸ್ಸು ಬಂದು ಜೋರಾಗಿ ಬ್ರೇಕು ಒತ್ತಬೇಕಾಯಿತು. ಕಂಬಳಿ ನನ್ನನ್ನೂ ಎಳೆದುಕೊಂಡು ಮುಂದಕ್ಕೆ ಜಾರಿತು. ನಡು ಕೆಳಗಾಯಿತು, ಮೊಣಕಾಲು ಸ್ಟೇರಿಂಗ್ ಕೆಳಗೆ ತಗುಲಿತು, ಕಾಲು ಬ್ರೇಕಿನ ಮೇಲೆ ಉಳಿದದ್ದು ಅದೃಷ್ಟದಿಂದ. ಎರಡನೆಯ ಕಾರನ್ನು ಕೊಳ್ಳುವಾಗ ಅದಕ್ಕೇ ಮೂರು ತಿಂಗಳು ಹುಡುಕಿದೆ. ಆ ಹುಡುಕಾಟದಲ್ಲಿ ಕಲಿತದ್ದನ್ನು ನನ್ನಷ್ಟೇ ಎತ್ತರದವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಭಾರತೀಯ ಮಹಿಳೆಯರ ಸರಾಸರಿ ಎತ್ತರವೇ ಸುಮಾರು 152 ಸೆಂ.ಮೀ. ಆದರೆ ಅಪಘಾತ ಪರೀಕ್ಷೆಗಳಲ್ಲಿ ಬಹುಕಾಲದಿಂದ ಹೆಚ್ಚಾಗಿ ಬಳಕೆಯಲ್ಲಿರುವ, ಸರಾಸರಿ ಗಂಡಸನ್ನು ಪ್ರತಿನಿಧಿಸುವ ಬೊಂಬೆಯ ಎತ್ತರ ಸುಮಾರು 175 ಸೆಂ.ಮೀ. ಆದ್ದರಿಂದ ಕಾರಿನೊಳಗೆ ಕುಳಿತಾಗ ಏನೋ ಸರಿಯಿಲ್ಲ ಎನಿಸಿದರೆ ಅದು ನಮ್ಮ ಮೈಯ ದೋಷವಲ್ಲ, ಅಳತೆಯ ದೋಷ. ಸಂಕೋಚವಿಲ್ಲದೆ ಸೀಟನ್ನು ಹತ್ತು ಸಲ ಸರಿಸಿ ನೋಡುವ ಹಕ್ಕು ಹಣ ಕೊಡುವವರಿಗೆ ಇದೆ.

ಷೋರೂಮಿನಲ್ಲಿ ಮೊದಲು ಸಿಗುವ ಸಲಹೆ ಒಂದೇ: "ಮೇಡಂ, ನಿಮ್ಮ ಹೈಟಿಗೆ ಎತ್ತರದ ಗಾಡೀನೇ ತಗೊಳ್ಳಿ, ರೋಡೆಲ್ಲ ಚೆನ್ನಾಗಿ ಕಾಣ್ಸತ್ತೆ." ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಗಾಡಿ ಎತ್ತರವಾದರೆ ಸೀಟಿನ ಜೊತೆಗೆ ಬಾನೆಟ್ಟೂ ಎತ್ತರವಾಗುತ್ತದೆ. ಪೆಡಲ್ಲು, ಸ್ಟೇರಿಂಗ್ ಮತ್ತು ಸೀಟು ಈ ಮೂರರ ನಡುವಿನ ಅಂತರ ಮಾತ್ರ ನಮಗೆ ಹೊಂದುವಂತೆ ಬದಲಾಗುವುದಿಲ್ಲ. ಕಡಿಮೆ ಎತ್ತರದವರು ನೋಡಬೇಕಾದದ್ದು ನಮ್ಮ ಮೈಯ ಮೂರು ಜಾಗಗಳನ್ನು: ಹಿಮ್ಮಡಿ, ಎದೆ, ಕಣ್ಣು. ಅದೂ ಇದೇ ಕ್ರಮದಲ್ಲಿ, ಕೆಳಗಿನಿಂದ ಮೇಲಕ್ಕೆ. ಕಣ್ಣಿನಿಂದ ಶುರುಮಾಡಿ ಸೀಟನ್ನು ಎತ್ತಿಕೊಂಡವರಿಗೆ ಕೊನೆಗೆ ಕಾಲು ಎಟುಕದೆ ಮತ್ತೆ ಮೊದಲಿನಿಂದ ಹೊಂದಿಸಬೇಕಾಗುತ್ತದೆ.

ಅಳತೆಗೆ ಇಳಿಯುವ ಮೊದಲು ಒಂದು ಎಚ್ಚರಿಕೆ. ಸೀಟನ್ನು ಮೇಲೆತ್ತುವ ಸೌಲಭ್ಯ ಒಂದೇ ಕಾರಿನ ಎಲ್ಲ ದರ್ಜೆಗಳಲ್ಲಿ ಇರುವುದಿಲ್ಲ. ಸಣ್ಣ ಕಾರುಗಳ ಬೇಸ್ ಮಾಡೆಲ್‌ಗಳಲ್ಲಿ ಅನೇಕ ವೇಳೆ ಅದನ್ನು ಬಿಟ್ಟಿರುತ್ತಾರೆ. ಟೆಸ್ಟ್ ಡ್ರೈವಿಗೆ ಕೊಡುವ ಗಾಡಿ ಬಹುಪಾಲು ಟಾಪ್ ಎಂಡ್ ಆಗಿರುತ್ತದೆ. ಅದರಲ್ಲಿ ಹಾಯಾಗಿ ಕುಳಿತು, ಕಡಿಮೆ ಬೆಲೆಯ ದರ್ಜೆಗೆ ಮುಂಗಡ ಕೊಟ್ಟು, ಗಾಡಿ ಮನೆಗೆ ಬಂದ ದಿನ ಸೀಟಿನ ಪಕ್ಕದಲ್ಲಿ ಆ ಹಿಡಿಕೆಯೇ ಇಲ್ಲವೆಂದು ಕಂಡುಕೊಂಡವರನ್ನು ನಾನು ಬಲ್ಲೆ. ಆದ್ದರಿಂದ ಕಾರಿನ ಹೆಸರಿಗಿಂತ ಮೊದಲು ದರ್ಜೆಯನ್ನು ನಿರ್ಧರಿಸಿ, ನೀವು ಕೊಳ್ಳುವ ದರ್ಜೆಯಲ್ಲಿ ಸೀಟಿನ ಎತ್ತರ ಬದಲಿಸಬಹುದೇ, ಸ್ಟೇರಿಂಗ್ ಮೇಲೆ ಕೆಳಗೆ ಮಾತ್ರ ಸರಿಯುತ್ತದೆಯೇ ಅಥವಾ ಹಿಂದೆ ಮುಂದೆಯೂ ಸರಿಯುತ್ತದೆಯೇ, ಸೀಟ್ ಬೆಲ್ಟಿನ ಮೇಲಿನ ಕೊಂಡಿ ಕೆಳಗಿಳಿಯುತ್ತದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಸಂಗೀತದ ಪರದೆ, ಅಲಾಯ್ ಚಕ್ರಗಳನ್ನೆಲ್ಲ ಆಮೇಲೆ ವಿಚಾರಿಸಿದರಾಯಿತು.

ಈಗ ಹಿಮ್ಮಡಿ. ದಿನವೂ ಹಾಕುವ ಚಪ್ಪಲಿಯನ್ನೋ ಷೂವನ್ನೋ ಹಾಕಿಕೊಂಡೇ ಹೋಗಿ. ಸೀಟನ್ನು ಪೂರ್ತಿ ಕೆಳಗಿಳಿಸಿ, ನಡುವನ್ನು ಒರಗಿಗೆ ಸಂಪೂರ್ಣ ತಾಗಿಸಿ ಕುಳಿತು, ಎಡಗಾಲಿನಿಂದ ಕ್ಲಚ್ಚನ್ನು ತಳದವರೆಗೆ ಒತ್ತಿ. ಆಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಕಾಲು ಕೋಲಿನಂತೆ ನೆಟ್ಟಗಾದರೆ ಅಥವಾ ಒತ್ತುವಾಗ ನಡು ಒರಗಿನಿಂದ ಕಳಚಿಕೊಂಡರೆ ಸೀಟು ದೂರವಿದೆ ಎಂದರ್ಥ. ನಂತರ ಬಲಗಾಲು. ಹಿಮ್ಮಡಿ ನೆಲದ ಮೇಲೆ ಊರಿಕೊಂಡಿರುವಾಗಲೇ ಪಾದದ ಮುಂಭಾಗ ಬ್ರೇಕಿನಿಂದ ಆಕ್ಸಿಲರೇಟರಿಗೆ ಹೊರಳುವಂತಿರಬೇಕು. ಹಿಮ್ಮಡಿ ಗಾಳಿಯಲ್ಲಿ ತೂಗಾಡುತ್ತಿದ್ದರೆ ಊರೊಳಗಿನ ಹತ್ತು ನಿಮಿಷದಲ್ಲಿ ಗೊತ್ತಾಗುವುದಿಲ್ಲ, ಬೇಲೂರಿನವರೆಗೆ ಹೋಗುವಷ್ಟರಲ್ಲಿ ಮೀನಖಂಡದ ನೋವು ತಿಳಿಸುತ್ತದೆ.

ಇಷ್ಟಾದ ಮೇಲೆ ಸೀಟನ್ನು ಒಂದೊಂದೇ ಹಂತ ಮೇಲೆತ್ತುತ್ತ, ಪ್ರತಿ ಹಂತದಲ್ಲೂ ಕ್ಲಚ್ಚನ್ನೂ ಹಿಮ್ಮಡಿಯನ್ನೂ ಮತ್ತೆ ಪರೀಕ್ಷಿಸಿ. ಸೀಟು ಏರಿದಷ್ಟೂ ಪೆಡಲ್ಲು ದೂರವಾಗುತ್ತದೆಂಬುದು ಇಲ್ಲಿನ ನಿಜವಾದ ಇಕ್ಕಟ್ಟು. ಕೆಲವು ಕಾರುಗಳಲ್ಲಿ ಸೀಟು ಏರುವಾಗ ಜೊತೆಗೆ ಸ್ವಲ್ಪ ಮುಂದಕ್ಕೂ ಬರುತ್ತದೆ, ಅಂಥವು ನಮಗೆ ಒಳ್ಳೆಯವು. ಇನ್ನು ಕೆಲವುಗಳಲ್ಲಿ ಸೀಟಿನ ಮುಂಭಾಗ ಹೆಚ್ಚು ಮೇಲೆದ್ದು ತೊಡೆಯ ಕೆಳಗೆ ಒತ್ತುತ್ತದೆ. ಸೀಟಿನ ಮುಂದಂಚಿಗೂ ಮೊಣಕಾಲಿನ ಹಿಂಬದಿಗೂ ನಡುವೆ ಎರಡು ಬೆರಳು ತೂರುವಷ್ಟಾದರೂ ಜಾಗ ಉಳಿಯಬೇಕು. ಸೀಟು ತೀರಾ ಉದ್ದವಾಗಿದ್ದು ಈ ಜಾಗ ಸಿಗದಿದ್ದರೆ, ಆ ಕಾರಿನಲ್ಲಿ ನಾವು ನಡುವನ್ನು ಒರಗಿಗೆ ತಾಗಿಸಿ ಕೂರುವುದು ಎಂದಿಗೂ ಸಾಧ್ಯವಾಗುವುದಿಲ್ಲ. ಅದನ್ನು ಅಲ್ಲಿಗೇ ಕೈಬಿಡಿ.

ಬಹಳಷ್ಟು ಜನರಿಗೆ ತೊಂದರೆ ಕೊಡುವುದು ಕ್ಲಚ್ಚು ಒಂದೇ, ಏಕೆಂದರೆ ಪೂರ್ತಿ ತಳದವರೆಗೆ ಮತ್ತೆ ಮತ್ತೆ ಒತ್ತಬೇಕಾದ ಪೆಡಲ್ಲು ಅದು. ಕ್ಲಚ್ಚಿಲ್ಲದ ಕಾರಿನಲ್ಲಿ ಸೀಟನ್ನು ಕೆಲವು ಸೆಂ.ಮೀ. ಹಿಂದಕ್ಕೆ ಇಟ್ಟುಕೊಳ್ಳಬಹುದು, ಅದರ ಲಾಭ ಎದೆಯ ಅಂತರಕ್ಕೂ ಸಿಗುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊ ತಾನಾಗಿಯೇ ಬದಲಾಗುವ ಎಎಂಟಿ ಗೇರಿನೊಂದಿಗೆ ಬಂದ ಮೇಲೆ ಇಂಥ ಗಾಡಿಗಳು ಸಣ್ಣ ಕಾರುಗಳ ಬೆಲೆಯಲ್ಲೇ ದೊರೆಯತೊಡಗಿದವು. ನನ್ನ ಮಟ್ಟಿಗೆ ಹೇಳುವುದಾದರೆ, 150 ಸೆಂ.ಮೀ.ಗಿಂತ ಕಡಿಮೆ ಎತ್ತರದವರು ಹಣ ಹೊಂದಿಸಲಾಗುವಂತಿದ್ದರೆ ಸನ್‌ರೂಫಿಗಲ್ಲ, ಕ್ಲಚ್ಚಿಲ್ಲದ ಗೇರಿಗೆ ಖರ್ಚು ಮಾಡಬೇಕು. ಆದರೆ ಎಎಂಟಿ ಗಾಡಿಗಳು ಏರಿನಲ್ಲಿ ಬ್ರೇಕು ಬಿಟ್ಟೊಡನೆ ಸ್ವಲ್ಪ ಹಿಂದಕ್ಕೆ ಜಾರಬಹುದಾದ್ದರಿಂದ ಮಲೆನಾಡಿನವರು ಹೀಗೆ ಜಾರದಂತೆ ಗಾಡಿಯನ್ನು ಕೆಲವು ಕ್ಷಣ ಹಿಡಿದಿಡುವ ಹಿಲ್ ಹೋಲ್ಡ್ ಇರುವುದನ್ನೇ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು.

ಎರಡನೆಯದು ಎದೆ. ಸ್ಟೇರಿಂಗಿನ ನಡುಭಾಗಕ್ಕೂ ಎದೆಮೂಳೆಗೂ ಕನಿಷ್ಠ 25 ಸೆಂ.ಮೀ. ಅಂತರವಿರಬೇಕು. ಏರ್‌ಬ್ಯಾಗು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಉಬ್ಬಿಕೊಳ್ಳುತ್ತದೆ. ಅದು ಹೊರಗೆ ಚಿಮ್ಮುವ ಮೊದಲ ಕೆಲವು ಸೆಂ.ಮೀ.ಗಳಲ್ಲೇ ಅದರ ಬಲ ಅತಿ ಹೆಚ್ಚು. ಸ್ಟೇರಿಂಗಿಗೆ ಅಂಟಿಕೊಂಡು ಕೂರುವವರಿಗೆ ರಕ್ಷಣೆಗೆಂದು ಇರುವ ಚೀಲವೇ ಪೆಟ್ಟು ಕೊಡಬಹುದು. ದರ್ಜಿಯವರ ಟೇಪನ್ನು ಜೊತೆಗೊಯ್ದು ಅಳೆಯಿರಿ, ಅಂದಾಜು ಬೇಡ. ಅಂತರ ಸಾಲದಿದ್ದರೆ ಮೊದಲು ಒರಗನ್ನು ತುಸು ಹಿಂದಕ್ಕೆ ಬಾಗಿಸಿ. ಆಗಲೂ ಭುಜ ಒರಗಿನಲ್ಲೇ ಇದ್ದು, ಚಾಚಿದ ಕೈಯ ಮಣಿಕಟ್ಟು ಸ್ಟೇರಿಂಗಿನ ಮೇಲಂಚನ್ನು ಮುಟ್ಟಬೇಕು. ಸ್ಟೇರಿಂಗಿನ ನಡುಭಾಗ ಗಲ್ಲದ ಕಡೆಗಲ್ಲದೆ ಎದೆಯ ಕಡೆಗೆ ಮುಖ ಮಾಡುವಂತೆ ಕೆಳಗಿಳಿಸಿ, ತೊಡೆಗೆ ತಗುಲದಷ್ಟು ಮಾತ್ರ.

ಹಿಂದೆ ಮುಂದೆ ಸರಿಯುವ ಸ್ಟೇರಿಂಗ್, ಅಂದರೆ ಟೆಲಿಸ್ಕೋಪಿಕ್, ಉದ್ದ ಕಾಲಿನವರು ಚಕ್ರವನ್ನು ತಮ್ಮ ಬಳಿಗೆ ಎಳೆದುಕೊಳ್ಳಲು ಇರುವುದೆಂದು ಹಲವರು ತಿಳಿದಿದ್ದಾರೆ. ನಮಗೆ ಅದರ ಉಪಯೋಗ ತಿರುಗುಮುರುಗು: ಸೀಟನ್ನು ಮುಂದೆ ಎಳೆದುಕೊಂಡು, ಸ್ಟೇರಿಂಗನ್ನು ಡ್ಯಾಷ್‌ಬೋರ್ಡಿನ ಕಡೆಗೆ ಒಳಕ್ಕೆ ತಳ್ಳಿದರೆ ಕಳೆದುಹೋದ ಎರಡು ಮೂರು ಸೆಂ.ಮೀ. ಮರಳಿ ಸಿಗುತ್ತದೆ. ಹೋಂಡಾ ಸಿಟಿಯಂಥ ಕಾರುಗಳಲ್ಲಿ ಇದು ಬಹಳ ಕಾಲದಿಂದ ಇದೆ; ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೇಲೆ ಕೆಳಗೆ ಸರಿಸುವುದಷ್ಟೇ ಸಾಧ್ಯ. ಹಳೆಯ ಕಾರು ಕೊಳ್ಳುವವರು ಇನ್ನೊಂದನ್ನು ನೆನಪಿಡಬೇಕು: ಚಾಲಕರ ಏರ್‌ಬ್ಯಾಗು ನಮ್ಮ ದೇಶದಲ್ಲಿ ಕಡ್ಡಾಯವಾದದ್ದು 2019ರ ಜುಲೈಯಿಂದ, ಅದಕ್ಕೂ ಹಿಂದಿನ ಅನೇಕ ಗಾಡಿಗಳಲ್ಲಿ ಅದು ಇರುವುದೇ ಇಲ್ಲ.

ಮೂರನೆಯದು ಕಣ್ಣು. ನೆಟ್ಟಗೆ ಕುಳಿತು ರಸ್ತೆ ನೋಡುವಾಗ ದೃಷ್ಟಿ ಸ್ಟೇರಿಂಗಿನ ಮೇಲಂಚಿಗಿಂತ ಸುಮಾರು 3 ಅಂಗುಲ ಮೇಲಿನಿಂದ ಹಾಯಬೇಕು. ಚಕ್ರದ ಸಂದಿಯಿಂದ ರಸ್ತೆ ನೋಡುತ್ತಿದ್ದೇವೆ ಎಂದಾದರೆ ಆ ಕಾರು ನಮ್ಮದಲ್ಲ. ಎತ್ತರದ ಗಾಡಿಯ ಸಲಹೆ ಸೋಲುವುದು ಇಲ್ಲಿಯೇ, ಸಣ್ಣದೊಂದು ಲೆಕ್ಕದಿಂದ ಅದು ಸ್ಪಷ್ಟವಾಗುತ್ತದೆ. ಉದಾಹರಣೆಗೆ, ಎತ್ತರದ ಗಾಡಿಯೊಂದರಲ್ಲಿ ನಿಮ್ಮ ಕಣ್ಣು ನೆಲದಿಂದ 125 ಸೆಂ.ಮೀ. ಮೇಲಿದೆ, ಬಾನೆಟ್ಟಿನ ಮುಂದಂಚು 95 ಸೆಂ.ಮೀ. ಎತ್ತರದಲ್ಲಿದೆ, ಎರಡರ ನಡುವೆ 2 ಮೀಟರ್ ದೂರವಿದೆ ಎಂದುಕೊಳ್ಳಿ. ಆಗ ಗಾಡಿಯ ಮುಂದಿನ 6.3 ಮೀಟರ್ ನೆಲ ನಿಮಗೆ ಕಾಣುವುದೇ ಇಲ್ಲ. ಸೀಟನ್ನು 5 ಸೆಂ.ಮೀ. ಏರಿಸಿದರೆ ಅದು 5.4 ಮೀಟರಿಗೆ ಇಳಿಯುತ್ತದೆ. ತಗ್ಗಿನ ಕಾರೊಂದರಲ್ಲಿ ಕಣ್ಣು 115, ಬಾನೆಟ್ಟು 75 ಸೆಂ.ಮೀ. ಎತ್ತರದಲ್ಲಿದ್ದು ನಡುವಿನ ದೂರ 1.8 ಮೀಟರ್ ಇದ್ದರೆ, ಮರೆಯಾಗುವ ನೆಲ 3.4 ಮೀಟರ್ ಮಾತ್ರ. ತಗ್ಗಿನ ಕಾರಿನಲ್ಲಿ ಕಣ್ಣು 10 ಸೆಂ.ಮೀ. ಕೆಳಗಿದ್ದೂ ಹತ್ತಿರದ ನೆಲ ಹೆಚ್ಚು ಕಾಣುತ್ತದೆ, ಏಕೆಂದರೆ ಮುಖ್ಯವಾದದ್ದು ಕಣ್ಣಿಗೂ ಬಾನೆಟ್ಟಿಗೂ ನಡುವಿನ ವ್ಯತ್ಯಾಸ.

ಇದನ್ನು ಲೆಕ್ಕವಿಲ್ಲದೆಯೂ ನೋಡಬಹುದು. ಕಾಫಿ ಒಣಗಿಸುವ ಕಣದಂಥ ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಜೊತೆಗಿರುವವರು ಬಕೆಟ್ಟೊಂದನ್ನು ಬಾನೆಟ್ಟಿನ ಮುಂದಿನಿಂದ ದೂರಕ್ಕೆ ಸರಿಸುತ್ತ ಹೋಗಲಿ. ಅದರ ಬಾಯಿ ನಿಮಗೆ ಕಂಡ ಜಾಗದಲ್ಲಿ ಗುರುತು ಹಾಕಿ ಹೆಜ್ಜೆ ಎಣಿಸಿ. ಶಾಲೆಯ ಮುಂದೆ, ಅಂಗಳದಲ್ಲಿ, ಲೈನ್ ಮನೆಗಳ ಹತ್ತಿರ ಮಕ್ಕಳು ಓಡಾಡುವ ಕಡೆ ಗಾಡಿ ತೆಗೆಯುವವರು ಈ ಪರೀಕ್ಷೆಯನ್ನು ಬಿಡಲೇಬಾರದು. ಮುಂದಿನ ಗಾಜಿನ ಪಕ್ಕದ ಕಂಬ ಎಷ್ಟು ದಪ್ಪವಿದೆಯೆಂಬುದನ್ನೂ ನೋಡಿ, ಹೇರ್‌ಪಿನ್ ತಿರುವುಗಳಲ್ಲಿ ಒಂದಿಡೀ ಬೈಕು ಅದರ ಹಿಂದೆ ಅಡಗಬಲ್ಲದು. ಬಿಸಿಲು ತಡೆಯುವ ಪಟ್ಟಿಯನ್ನು ಇಳಿಸಿ ನೋಡಿ: ಬೆಳಗ್ಗೆ ಚಿಕ್ಕಮಗಳೂರಿನಿಂದ ಕಡೂರಿನ ಕಡೆ ಹೊರಟರೆ ಸೂರ್ಯ ನೇರ ಮುಖಕ್ಕೆ ಹೊಡೆಯುತ್ತಾನೆ, ಪಟ್ಟಿ ನಮ್ಮ ಕಣ್ಣಿನ ಮಟ್ಟಕ್ಕೆ ಇಳಿಯದೆ ಹೋಗುವುದು ಅನೇಕ ಕಾರುಗಳಲ್ಲಿ ಉಂಟು.

ಟೆಸ್ಟ್ ಡ್ರೈವನ್ನು ಷೋರೂಮಿನವರು ಹೇಳಿದ ದಾರಿಯಲ್ಲಿ ಮುಗಿಸಬೇಡಿ. ಹಾಸನದ ಬಿ.ಎಂ. ರಸ್ತೆಯಂಥ ನೇರ, ಅಗಲವಾದ ರಸ್ತೆಯಲ್ಲಿ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತವೆ. ಚಿಕ್ಕಮಗಳೂರಿನವರು ಕೈಮರದ ಕಡೆ ಹೋಗಿ; ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಗೆ ಏರುವ ಆ ದಿಕ್ಕಿನ ರಸ್ತೆಯಲ್ಲಿ, ಬಾನೆಟ್ಟಿನಾಚೆ ಆಕಾಶ ಮಾತ್ರ ಕಾಣುವ ಏರು ತಿರುವಿನಲ್ಲಿ ಒಮ್ಮೆ ನಿಲ್ಲಿಸಿ ಮತ್ತೆ ಹೊರಡಿಸಿದರೆ ಕಾಲು ಮತ್ತು ಕಣ್ಣು ಎರಡರ ಪರೀಕ್ಷೆಯೂ ಒಂದೇ ಸಲಕ್ಕೆ ಮುಗಿಯುತ್ತದೆ. ಹಾಸನದವರು ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ರಿವರ್ಸ್ ತೆಗೆದು, ಊರ ಸುತ್ತಲಿನ ಯಾವುದಾದರೂ ಏರಿನಲ್ಲಿ ಹೀಗೆಯೇ ಮಾಡಬಹುದು. ಸೀಟ್ ಬೆಲ್ಟು ಕತ್ತಿಗೆ ಉಜ್ಜದೆ ಭುಜದ ನಡುವಿನಿಂದ ಹಾಯಬೇಕು. ಉಜ್ಜುತ್ತದೆಂದು ಅದನ್ನು ಕಂಕುಳ ಕೆಳಗೆ ತೂರಿಸುವ ಅಭ್ಯಾಸ ಅಪಾಯಕರ. ಇಳಿದ ಮೇಲೆ ಡಿಕ್ಕಿಯ ಬಾಗಿಲನ್ನು ಪೂರ್ತಿ ತೆರೆದು, ಕೈಗೆಟುಕಿಸಿ ನೀವೇ ಮುಚ್ಚಿ ನೋಡಿ. ಎತ್ತರದ ಗಾಡಿಗಳಲ್ಲಿ ನನ್ನನ್ನು ನಿರಾಶೆಗೊಳಿಸಿದ್ದು ಹೆಚ್ಚಾಗಿ ಇದೇ. ಸೀರೆ ಉಡುವವರು ಸೀರೆ ಉಟ್ಟೇ ಹತ್ತಿ ಇಳಿಯಬೇಕು.

ಎಸ್ಟೇಟಿನ ಹಳೆಯ ಜೀಪುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ; ಅವುಗಳ ಕ್ಲಚ್ಚು ಭಾರ, ಸೀಟಿನ ಹೊಂದಾಣಿಕೆ ಅತ್ಯಲ್ಪ, ಅನಿವಾರ್ಯವಿಲ್ಲದಿದ್ದರೆ ಬೇಡ.

ಈಗಾಗಲೇ ಮನೆಯಲ್ಲಿರುವ ಕಾರನ್ನೇ ಸರಿಪಡಿಸಿಕೊಳ್ಳಬೇಕಾದವರು ಕಂಬಳಿ, ದಿಂಬುಗಳನ್ನು ಬಿಟ್ಟು, ತಳ ಜಾರದ, ಹಿಂದೆ ದಪ್ಪಗಿದ್ದು ಮುಂದೆ ತೆಳ್ಳಗಾಗುವ ಗಟ್ಟಿ ಕುಷನ್ನನ್ನು ತರಲಿ. ಮೆತ್ತನೆಯದು ಬ್ರೇಕು ಒತ್ತಿದಾಗ ಕುಗ್ಗಿ, ಸೊಂಟದ ಬೆಲ್ಟು ಹೊಟ್ಟೆಯ ಮೇಲೇರುವಂತೆ ಮಾಡುತ್ತದೆ. ಸೀಟಿನ ಬದಿಯಲ್ಲಿ ಏರ್‌ಬ್ಯಾಗಿರುವ ಕಾರಾದರೆ ಹೊದಿಕೆ ಹೊಲಿಸುವವರ ಕೈಗೆ ಸೀಟನ್ನು ಕೊಡಬೇಡಿ. ಪೆಡಲ್ಲಿಗೆ ಎತ್ತರದ ತುಂಡು ಜೋಡಿಸುವುದನ್ನು ಗ್ಯಾರೇಜಿನಲ್ಲಿ ಸುಮ್ಮನೆ ಮಾಡಿಸಬಾರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ರೂಪಕ್ಕೆ ವಿರುದ್ಧವಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಆದ್ದರಿಂದ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಒಪ್ಪಿಗೆ ಪಡೆದು, ಆರ್.ಸಿ.ಯಲ್ಲಿ ನಮೂದಿಸಿಕೊಂಡೇ ಮುಂದುವರಿಯಬೇಕು. ಹೈದರಾಬಾದಿನ ಸುಮಾರು 3 ಅಡಿ ಎತ್ತರದ ವ್ಯಕ್ತಿಯೊಬ್ಬರು ತಮ್ಮ ಕಾರನ್ನು ಮಾರ್ಪಡಿಸಿಕೊಂಡು ಚಾಲನಾ ಪರವಾನಗಿ ಪಡೆದ ಸುದ್ದಿ 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು, ದಾರಿ ಇದೆಯೆಂಬುದಕ್ಕೆ ಅದು ಸಾಕ್ಷಿ.

ಮನೆಯಲ್ಲಿ ಎತ್ತರದವರೂ ಅದೇ ಕಾರನ್ನು ಓಡಿಸುವುದಾದರೆ, ನಿಮಗೆ ಹೊಂದಿದ ಸ್ಥಾನವನ್ನು ಅಂದಾಜಿಗೆ ಬಿಡಬೇಡಿ. ಸೀಟು ಸರಿಯುವ ಹಳಿಯ ಪಕ್ಕದಲ್ಲಿ ಬಣ್ಣದ ಟೇಪಿನ ಗುರುತು ಅಂಟಿಸಿ, ಎತ್ತರದ ಹಿಡಿಕೆಯನ್ನು ತಳದಿಂದ ಎಷ್ಟು ಸಲ ಎಳೆದಿರೆಂದು ಎಣಿಸಿಟ್ಟುಕೊಳ್ಳಿ. ನನ್ನ ಕಾರಿನಲ್ಲಿ ಆ ಲೆಕ್ಕ ಏಳು. ಏಳು ಎಳೆದು, ಮೂರೂ ಕನ್ನಡಿಗಳನ್ನು ಸರಿಪಡಿಸಿಕೊಂಡ ಮೇಲೆಯೇ ನಾನು ಕೀಲಿ ತಿರುಗಿಸುತ್ತೇನೆ.