ಬೀರುವಿನಲ್ಲಿ ಕೂತ ಬಟ್ಟೆಗೇ ಮೊದಲು ಬೂಷ್ಟು

ಎರಡು ವರ್ಷದ ಹಿಂದೆ ಡಿಸೆಂಬರ್‌ನಲ್ಲಿ ವಿರಾಜಪೇಟೆಯಲ್ಲಿ ಒಂದು ಮದುವೆ. ನನಗಾಗ 34 ವರ್ಷ. ಕಾರಿನಿಂದ ಇಳಿದು ಹತ್ತು ಹೆಜ್ಜೆ ನಡೆದಿರಬಹುದು, ಬಲಗಾಲಿನ ಕೆಳಗೆ ಏನೋ ಮೆತ್ತಗೆ ಕುಸಿದ ಹಾಗಾಯಿತು. ತಿರುಗಿ ನೋಡಿದರೆ ನೆಲದ ಮೇಲೆ ಕಪ್ಪು ಚೂರುಗಳು. ಶೂನ ಹಿಮ್ಮಡಿ ನೆನೆದ ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರುತ್ತಿತ್ತು. ನಾಲ್ಕು ಹೆಜ್ಜೆಗೆ ಎಡಗಾಲಿನದೂ ಹೋಯಿತು. ಮೇಲಿನ ಚರ್ಮ ಮಾತ್ರ ಹೊಸದರ ಹಾಗೆ ಹೊಳೆಯುತ್ತಿತ್ತು. ನನ್ನ ಮದುವೆಗೆ ತೆಗೆದುಕೊಂಡ ಶೂ ಅದು. ಆರು ವರ್ಷದಲ್ಲಿ ಐದು ಸಲ ಹಾಕಿರಬಹುದು. ಜೋಪಾನವಾಗಿರಲಿ ಅಂತ ಡಬ್ಬಿಯಲ್ಲೇ ಮುಚ್ಚಿಟ್ಟಿದ್ದೆ. ಆ ದಿನ ಕಾರಿನಲ್ಲಿದ್ದ ಚಪ್ಪಲಿ ಹಾಕಿಕೊಂಡೇ ಊಟಕ್ಕೆ ಕೂತೆ.

ಮರುವಾರ ಮಡಿಕೇರಿಯಲ್ಲಿ ಶೂ ರಿಪೇರಿ ಮಾಡುವವರಿಗೆ ತೋರಿಸಿದೆ. ಅವರು ಬೆರಳಲ್ಲಿ ಸೋಲ್ ಒತ್ತಿ ನೋಡಿ, "ಇದು ಪಿಯು ಸೋಲ್. ನಮ್ಮ ಊರಲ್ಲಿ ಇದನ್ನು ಇಟ್ಟರೆ ಹೋಗುತ್ತೆ, ಹಾಕಿಕೊಂಡು ಓಡಾಡಬೇಕು" ಅಂದರು. ಆಮೇಲೆ ಓದಿ ತಿಳಿದುಕೊಂಡೆ. ಪಿಯು ಅಂದರೆ ಪಾಲಿಯೂರೆಥೇನ್. ಆ ವಸ್ತು ಗಾಳಿಯ ತೇವವನ್ನು ಹೀರಿಕೊಂಡು ಒಳಗಿಂದಲೇ ಮುರಿಯುತ್ತಾ ಹೋಗುತ್ತದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಮುಚ್ಚಿದ ಡಬ್ಬಿಯೊಳಗೆ ತೇವ ಸೇರಿಕೊಂಡರೆ ಇನ್ನೂ ಬೇಗ.

ಆ ಮಾತು ತಲೆಯಲ್ಲಿ ಉಳಿಯಿತು. ಆ ಭಾನುವಾರ ಬೀರು ಪೂರ್ತಿ ಖಾಲಿ ಮಾಡಿ ಎಲ್ಲವನ್ನೂ ಮಂಚದ ಮೇಲೆ ಹರಡಿದೆ. ಶರಟು 31. ಪ್ಯಾಂಟು 14, ಅದರಲ್ಲಿ ಜೀನ್ಸೇ ಎಂಟು. ಒಂದು ಸೂಟು. ಸ್ವೆಟರ್ ಆರು. ಬಿಳಿ ಪುಡಿ ಹಿಡಿದವು, ಕಪ್ಪು ಚುಕ್ಕೆ ಬಿದ್ದವು, ಮುಗ್ಗಲು ವಾಸನೆ ಬರುವವು ಎಲ್ಲ ಒಂದು ಕಡೆ ಹಾಕಿದೆ. ಆ ರಾಶಿಯನ್ನು ನೋಡುವಾಗ ವಿಷಯ ಹೊಳೆಯಿತು. ವಾರ ವಾರ ಹಾಕುವ ಒಂದು ಬಟ್ಟೆಯೂ ಅಲ್ಲಿ ಇರಲಿಲ್ಲ. ಒಳ್ಳೆಯದು ಅಂತ ಎತ್ತಿಟ್ಟವು, ಸಣ್ಣವಾದರೂ ಮತ್ತೆ ಆಗಬಹುದು ಅಂತ ಉಳಿಸಿಕೊಂಡವು, ಬೆಂಗಳೂರಿನ ಕೆಲಸದ ಕಾಲದವು, ಅವೇ ಹಾಳಾಗಿದ್ದವು.

ನಮ್ಮ ಮನೆ ಕೊಡಗಿನ ನಾಪೋಕ್ಲು ಕಡೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದೇ ಒಂದು ಕೆಲಸ. ಗಾಳಿಯಲ್ಲಿ ತೇವ ಶೇ. 70 ದಾಟಿ ಹಾಗೇ ನಿಂತರೆ ಬೂಷ್ಟು ಬೆಳೆಯಲು ಶುರುವಾಗುತ್ತದೆ. ಇಲ್ಲಿ ಮಳೆಗಾಲದಲ್ಲಿ ಅದಕ್ಕಿಂತ ಕೆಳಗೆ ಇಳಿಯುವ ದಿನವೇ ಅಪರೂಪ. ಹಾಗಾಗಿ ನಾನು ಮಾಡಿಕೊಂಡ ತೀರ್ಮಾನ ಒಂದೇ. ಮೂರು ವಾರದಲ್ಲಿ ಒಂದು ಸಲವಾದರೂ ಮೈಮೇಲೆ ಬರುವಷ್ಟು ಬಟ್ಟೆ ಮಾತ್ರ ಇಟ್ಟುಕೊಳ್ಳಬೇಕು. ಹೊಸದಾಗಿ ಏನು ಕೊಳ್ಳಬೇಕು ಅನ್ನುವುದು ಆಮೇಲಿನ ಮಾತು.

ಬೇಡವಾದವುಗಳಲ್ಲಿ ಚೆನ್ನಾಗಿದ್ದದ್ದನ್ನು ಒಗೆದು, ಇಸ್ತ್ರಿ ಮಾಡಿ, ಬೇಕಾದವರಿಗೆ ಕೊಟ್ಟೆ. ಹಾಳಾದದ್ದು ಒರೆಸುವ ಬಟ್ಟೆಯಾಯಿತು. ಬೇಸರ ಆಗಿದ್ದು ಸೂಟಿಗೆ. ಕಾಲರ್ ಒಳಗೆ ಬೂಷ್ಟು ಹೊಕ್ಕು ಹೊಲಿಗೆಯೇ ಬಿಟ್ಟಿತ್ತು. ಡ್ರೈಕ್ಲೀನ್‌ನವರು ಕೊಟ್ಟ ಪ್ಲಾಸ್ಟಿಕ್ ಕವರ್‌ನಲ್ಲೇ ಆರು ವರ್ಷ ನೇತುಹಾಕಿದ್ದೆ. ಆ ಕವರ್ ಮನೆಗೆ ತರುವವರೆಗೆ ಮಾತ್ರ, ತಂದ ದಿನವೇ ತೆಗೆದುಬಿಡಬೇಕು. ಇದು ಯಾರೂ ಹೇಳಿರಲಿಲ್ಲ.

ಆಮೇಲೆ ಅಳತೆ. ನಾನು ಹತ್ತು ವರ್ಷದಿಂದ 32 ಇಂಚು ಸೊಂಟ, 39 ಸೆಂ.ಮೀ. ಕಾಲರ್ ಅಂತಲೇ ಕೇಳಿ ಕೊಳ್ಳುತ್ತಿದ್ದೆ. ಮಡಿಕೇರಿಯಲ್ಲಿ ಅಪ್ಪನ ಕಾಲದ ಟೈಲರ್ ಒಬ್ಬರಿದ್ದಾರೆ. ಅವರು ಟೇಪ್ ಹಿಡಿದಾಗ ನಾನು ಉಸಿರು ಎಳೆದುಕೊಂಡೆ. ಅವರು ಟೇಪ್ ಬಿಟ್ಟು ಸುಮ್ನೆ ನಿಂತರು. ಊರಿನ ಮಳೆ ವಿಚಾರ ಕೇಳಿದರು, ಕಾಫಿ ರೇಟ್ ಕೇಳಿದರು. ನಾನು ಉತ್ತರ ಹೇಳುತ್ತಾ ಇರುವಾಗ ಅಳತೆ ತೆಗೆದುಕೊಂಡರು. ಸೊಂಟ 35, ಕಾಲರ್ 41. "ಇದು ನಿಮ್ಮ ಅಳತೆ. ಇದಕ್ಕೆ ಹೊಲಿದರೆ ನೀವು ತೆಳ್ಳಗೆ ಕಾಣ್ತೀರಿ, 32ಕ್ಕೆ ಹೊಲಿದರೆ ದಪ್ಪ ಕಾಣ್ತೀರಿ" ಅಂದರು. ಆ ಮಾತು ನೂರಕ್ಕೆ ನೂರು ನಿಜ. ಬಿಗಿಯಾದ ಶರಟಿನ ಗುಂಡಿಗಳ ನಡುವೆ ಬಟ್ಟೆ ಬಾಯಿ ಬಿಡುತ್ತದೆ. ನೋಡುವವರ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಅವರ ಹತ್ತಿರ ಕಲಿತದ್ದು ಇನ್ನೂ ಇದೆ. ಶರಟಿನಲ್ಲಿ ಮೊದಲು ನೋಡಬೇಕಾದ್ದು ಭುಜ. ಭುಜದ ಹೊಲಿಗೆ ಮೂಳೆ ಮುಗಿಯುವ ಜಾಗದಲ್ಲೇ ಕೂರಬೇಕು. ಹೊಟ್ಟೆಯ ಹತ್ತಿರ ಜಾಸ್ತಿ ಇದ್ದರೆ ಹಿಡಿಯಬಹುದು, ತೋಳು ಉದ್ದವಿದ್ದರೆ ಕತ್ತರಿಸಬಹುದು, ಭುಜ ತಪ್ಪಿದರೆ ಸರಿ ಮಾಡುವುದು ಕಷ್ಟ. ಗುಂಡಿ ಹಾಕಿದ ಕಾಲರ್ ಒಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮುಂಚೆ ಒಂದು ಸಲ ನೀರಲ್ಲಿ ನೆನೆಸಿ ಒಣಗಿಸಬೇಕು. ಮೊದಲ ಒಗೆತಕ್ಕೆ ಶೇ. 3ರಿಂದ 5ರಷ್ಟು ಕುಗ್ಗುವುದು ಸಾಮಾನ್ಯ. ಮೂವತ್ತು ಇಂಚಿನ ಶರಟಿಗೆ ಅದು ಒಂದೂವರೆ ಇಂಚಿನವರೆಗೆ ಹೋಯಿತು, ಅಷ್ಟು ಸಾಕು ಹಾಳಾಗಲು. ಪ್ಯಾಂಟಿನ ಹಿಂಭಾಗದ ಹೊಲಿಗೆಯಲ್ಲಿ ಒಂದು ಇಂಚು ಬಟ್ಟೆ ಒಳಗೆ ಬಿಡಿ ಅಂತ ಕೇಳಿಕೊಳ್ಳಬೇಕು. ರೆಡಿಮೇಡ್‌ನಲ್ಲಿ ಅಷ್ಟು ಬಿಡುವುದು ಕಡಿಮೆ. ನಮ್ಮ ವಯಸ್ಸಿನವರಿಗೆ ಅದು ಬೇಕೇ ಬೇಕು. ಹಬ್ಬದ ತಿಂಗಳಲ್ಲಿ ಸೊಂಟ ಒಂದು ರೀತಿ, ಕಾಫಿ ಕೊಯ್ಲಿನಲ್ಲಿ ತೋಟ ಸುತ್ತಿದ ಮೇಲೆ ಇನ್ನೊಂದು ರೀತಿ ಅಲ್ವಾ.

ಜೀನ್ಸ್ ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯವಿದೆ. ಮಳೆಗಾಲದ ಕೊಡಗಿಗೆ ಅದು ಆಗುವುದಿಲ್ಲ. ದಪ್ಪ ಡೆನಿಮ್ ಒಂದು ಚದರ ಮೀಟರಿಗೆ 400 ಗ್ರಾಂಗೂ ಮೇಲೆ ತೂಗುತ್ತದೆ. ಜುಲೈನಲ್ಲಿ ಒಗೆದರೆ ನಾಲ್ಕನೇ ದಿನಕ್ಕೂ ಸೊಂಟದ ಪಟ್ಟಿ, ಜೇಬಿನ ಮೂಲೆ ಹಸಿಯಾಗಿಯೇ ಇರುತ್ತದೆ. ಒಣಗಿತು ಅಂತ ಮಡಚಿಟ್ಟರೆ ಅಲ್ಲಿಂದಲೇ ವಾಸನೆ ಶುರು. ಎಂಟರಲ್ಲಿ ಒಂದನ್ನು ಬೇಸಿಗೆಗೆ ಇಟ್ಟುಕೊಂಡೆ. ಅದರ ಬದಲು ಕಾಟನ್ ಚಿನೋ ಪ್ಯಾಂಟು ನಾಲ್ಕು ಮಾಡಿಸಿದೆ. 240 ಗ್ರಾಂ ಆಸುಪಾಸಿನ ಟ್ವಿಲ್ ಬಟ್ಟೆ, ಹಿಗ್ಗುವ ನೂಲು ಶೇ. 2 ಇರುವಂಥದ್ದು. ಬಣ್ಣ ಕಡು ಹಸಿರು, ಕಂದು, ಬೂದು, ನೇವಿ ನೀಲಿ. ತಿಳಿ ಖಾಕಿ ಚೆನ್ನಾಗಿ ಕಾಣುತ್ತದೆ, ಆದರೆ ನಮ್ಮ ಕೆಂಪು ಮಣ್ಣಿನ ರಾಡಿ ಒಂದು ಸಲ ಹಾರಿದರೆ ಆ ಕಲೆ ಉಳಿದೇ ಬಿಡುತ್ತದೆ.

ಶರಟು ಈಗ ಒಂಬತ್ತು. ಆಫೀಸಿಗೆ ಆರು, ಹೊರಗೆ ಹೋಗಲು ಎರಡು, ಒಂದು ಬಿಳಿ. ನಾನು ಸಹಕಾರ ಸಂಘದಲ್ಲಿ ಲೆಕ್ಕ ನೋಡುವವನು, ಬೆಳಿಗ್ಗೆ ತೋಟಕ್ಕೂ ಒಂದು ಸುತ್ತು ಹೋಗುತ್ತೇನೆ, ಹಾಗಾಗಿ ಎರಡೂ ಕಡೆ ಸಲ್ಲುವ ಬಟ್ಟೆ ಬೇಕು. ಮಳೆಗಾಲಕ್ಕೆ ಪೂರ್ತಿ ಕಾಟನ್ ಬಿಟ್ಟು ಪಾಲಿಯೆಸ್ಟರ್ ಬೆರೆತ ಬಟ್ಟೆಗೆ ಹೋದೆ. ಮೊದಲು ಅದು ನನಗೆ ಸೇರುತ್ತಿರಲಿಲ್ಲ. ಒಣಗಿದ ಹತ್ತಿಯಲ್ಲೂ ಸಾಮಾನ್ಯ ಹವೆಯಲ್ಲಿ ಶೇ. 8ರಷ್ಟು ತೇವ ಇದ್ದೇ ಇರುತ್ತದೆ. ಪಾಲಿಯೆಸ್ಟರ್‌ನಲ್ಲಿ ಅದು ಶೇ. 0.4 ಮಾತ್ರ. ಅರ್ಧ ಅರ್ಧ ಬೆರೆತ ಶರಟು ಫ್ಯಾನಿನ ಕೆಳಗೆ ಒಂದು ರಾತ್ರಿಯಲ್ಲಿ ಒಣಗುತ್ತದೆ. ಬೇಸಿಗೆಗೆ ಮಾತ್ರ ಕಾಟನ್ನೇ ಸರಿ. ಏಪ್ರಿಲ್‌ನಲ್ಲಿ ಕುಶಾಲನಗರಕ್ಕೆ ಇಳಿದರೆ ಬೆರಕೆ ಬಟ್ಟೆ ಮೈಗೆ ಅಂಟಿಕೊಳ್ಳುತ್ತದೆ.

ಸ್ವೆಟರ್ ಆರರಲ್ಲಿ ನಾಲ್ಕು ಅಕ್ರಿಲಿಕ್, ಗಂಟು ಗಂಟಾಗಿದ್ದವು. ಅವನ್ನು ತೆಗೆದು ನಿಜವಾದ ಉಣ್ಣೆಯದು ಎರಡು ಇಟ್ಟುಕೊಂಡೆ. ಉಣ್ಣೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಹಸಿ ಅನ್ನಿಸುವುದಿಲ್ಲ. ಹಿಂದೆ ಗದ್ದೆ ಕೆಲಸದವರು ಮಳೆಗೆ ಕಂಬಳಿ ಹೊದ್ದು ನಿಲ್ಲುತ್ತಿದ್ದರಲ್ಲ, ಅದರ ಕಾರಣ ಈಗ ಗೊತ್ತಾಯಿತು. ಸ್ವೆಟರನ್ನು ನೇತುಹಾಕಬಾರದು, ಭುಜ ಜೋತು ಬೀಳುತ್ತದೆ. ಮಡಚಿಡಬೇಕು.

ಕಲೆಗಳ ವಿಚಾರದಲ್ಲಿ ಎರಡು ಮಾತು. ಒಂದು, ಜಿಗಣೆ ಕಚ್ಚಿದ ರಕ್ತ. ಕಚ್ಚಿ ಬಿಟ್ಟ ಮೇಲೂ ಬಹಳ ಹೊತ್ತು ರಕ್ತ ನಿಲ್ಲುವುದಿಲ್ಲ, ಕಾಲುಚೀಲ, ಪ್ಯಾಂಟಿನ ಅಂಚು ಎಲ್ಲ ನೆನೆಯುತ್ತದೆ. ಮನೆಗೆ ಬಂದವರು ಹಂಡೆಯ ಬಿಸಿನೀರಿಗೆ ಹಾಕಿಬಿಡುತ್ತೇವೆ. ಅಲ್ಲೇ ತಪ್ಪುವುದು. ಬಿಸಿ ತಾಗಿದರೆ ರಕ್ತದ ಕಲೆ ನೂಲಿಗೆ ಕಚ್ಚಿಕೊಳ್ಳುತ್ತದೆ. ತಣ್ಣೀರಿಗೆ ಉಪ್ಪು ಹಾಕಿ ಅರ್ಧ ಗಂಟೆ ನೆನೆಸಿ, ಆಮೇಲೆ ಸೋಪು. ಇನ್ನೊಂದು, ಕೊಡವರ ಕಕ್ಕಡ ತಿಂಗಳ 18ನೇ ದಿನ ಮದ್ದು ಸೊಪ್ಪಿನ ರಸದಲ್ಲಿ ಮಾಡುವ ಪಾಯಸ. ಆಗಸ್ಟ್ 3ರಂದು ಬಿಳಿ ಶರಟು ಹಾಕಿಕೊಂಡು ಊಟಕ್ಕೆ ಕೂತಿದ್ದೆ. ಆ ನೇರಳೆ ಬಣ್ಣ ಇವತ್ತಿಗೂ ಜೇಬಿನ ಮೇಲಿದೆ. ಅವತ್ತು ಕಡು ಬಣ್ಣದ್ದೇ ಹಾಕಬೇಕು.

ಶೂಗೆ ಬಂದರೆ, ಈಗ ಎರಡು ಜೊತೆ, ಎರಡೂ ಚರ್ಮದವು, ಎರಡಕ್ಕೂ ರಬ್ಬರ್ ಸೋಲ್, ಅಂಚಿನಲ್ಲಿ ಸುತ್ತ ಹೊಲಿಗೆ ಇರುವಂಥವು. ಹೊಲಿದ ಸೋಲ್ ಸವೆದರೆ ಬಿಚ್ಚಿ ಬೇರೆ ಹಾಕಿಸಬಹುದು. ಕೊಳ್ಳುವಾಗ ಅಂಗಡಿಯವರನ್ನು ಸೋಲ್ ಯಾವುದರದ್ದು ಅಂತ ಬಾಯಿ ಬಿಟ್ಟು ಕೇಳುತ್ತೇನೆ. ಮಳೆಗಾಲದಲ್ಲಿ ಒಂದು ಜೊತೆ ಆಫೀಸಿನಲ್ಲೇ ಇರುತ್ತದೆ. ದಾರಿಗೆ ಗಂಬೂಟ್ ಅಥವಾ ರಬ್ಬರ್ ಚಪ್ಪಲಿ. ಬೂಷ್ಟು ಕಂಡರೆ ವಿನೆಗರ್ ಬೆರೆಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ನೆರಳಲ್ಲಿ ಒಣಗಿಸಿ, ತೆಳುವಾಗಿ ಪಾಲಿಶ್. ಒಲೆಯ ಹತ್ತಿರ ಇಟ್ಟರೆ ಚರ್ಮ ಬಿರಿಯುತ್ತದೆ.

ಇಡುವ ಜಾಗಕ್ಕೆ ನಾನು ಬಟ್ಟೆಯಷ್ಟೇ ತಲೆ ಕೆಡಿಸಿಕೊಂಡೆ. ನಮ್ಮ ಮರದ ಬೀರು ಹೊರಗೋಡೆಗೆ ಅಂಟಿಕೊಂಡೇ ಇತ್ತು. ಆ ಗೋಡೆ ಮೂರು ತಿಂಗಳು ಮಳೆ ಕುಡಿಯುತ್ತದೆ. ಹಿಂಬದಿಯ ಹಲಗೆಗೆ ಕೈ ಇಟ್ಟರೆ ತಣ್ಣಗೆ, ಜಿಗುಟು. ಬೀರುವನ್ನು ಅಡುಗೆಮನೆ ಪಕ್ಕದ ಒಳಗೋಡೆಗೆ ತಂದು, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಬಿಟ್ಟೆ. ಅರ್ಧ ತೊಂದರೆ ಅಲ್ಲಿಗೇ ಕಡಿಮೆಯಾಯಿತು. ಬೀರು ಒಳಗೆ ಸಣ್ಣ ಬಲ್ಬ್ ಉರಿಸುವ ರೂಢಿ ಹಲವು ಮನೆಗಳಲ್ಲಿದೆ. ಬಟ್ಟೆಗೆ ತಾಗಿದರೆ ಬೆಂಕಿಯ ಭಯ, ಜೊತೆಗೆ ಗಾಳಿಮಳೆಗೆ ನಮ್ಮ ಕಡೆ ಮೂರು ದಿನ ಕರೆಂಟೇ ಇರುವುದಿಲ್ಲ. ಅದಕ್ಕೆ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ತಂದು ಕೆಳಗಿನ ಖಾನೆಯಲ್ಲಿ ಇಟ್ಟೆ. ಜುಲೈನಲ್ಲಿ ಮೂರು ವಾರಕ್ಕೆ ಡಬ್ಬಿ ತುಂಬಾ ನೀರು. ಬೀರುವಿನ ಗಾಳಿಯಲ್ಲಿ ಅಷ್ಟು ನೀರಿತ್ತು ಅಂತ ಕಣ್ಣಾರೆ ಕಂಡ ಮೇಲೆ ಮನೆಯವಳೂ ತನ್ನ ಸೀರೆಗಳ ಖಾನೆಗೆ ಒಂದು ಕೇಳಿದಳು. ಆ ನೀರು ಚೆಲ್ಲಿದರೆ ಬಟ್ಟೆ, ಚರ್ಮ ಎರಡೂ ಹಾಳು. ತಟ್ಟೆಯ ಮೇಲೆ ಇಡುವುದು ಒಳ್ಳೆಯದು. ಮಳೆ ಬಿಟ್ಟು ಬಿಸಿಲು ಬಂದ ದಿನ ಬಾಗಿಲು ಪೂರ್ತಿ ತೆರೆದಿಡುತ್ತೇವೆ.

ಎಲ್ಲ ಒಂದೇ ಸಲ ಮಾಡಲಿಲ್ಲ. ತಿಂಗಳಿಗೆ ಒಂದೋ ಎರಡೋ ಬಟ್ಟೆ, ಒಂದು ವರ್ಷ ಹಿಡಿಯಿತು. ಅವಸರ ಪಟ್ಟಿದ್ದರೆ ಮತ್ತೆ ಅದೇ 31 ಶರಟಾಗುತ್ತಿತ್ತು.

ಕೊನೆಗೆ ಉಳಿದದ್ದು ಕುಪ್ಯ, ಕೊಡವ ಗಂಡಸರು ಹಬ್ಬ, ಮದುವೆಗೆ ಹಾಕುವ ಉದ್ದನೆಯ ಕೋಟು. ಅಪ್ಪನದು, ಕಪ್ಪು, ದಪ್ಪ ಬಟ್ಟೆ. ನನಗೆ ಸಣ್ಣದಾಗಿತ್ತು. ಮುಂದೆ ಒಂದರ ಮೇಲೊಂದು ಸುತ್ತಿ ಬರಬೇಕಾದ ಭಾಗ ಕೂಡುತ್ತಲೇ ಇರಲಿಲ್ಲ, ಒಳಗಿನ ಬಿಳಿ ಶರಟು ಕಾಣುತ್ತಿತ್ತು. ಎರಡು ವರ್ಷದಿಂದ ಸುಗ್ಗಿಯ ಹಬ್ಬ ಹುತ್ತರಿಗೆ ಅಣ್ಣನ ಮನೆಯದನ್ನು ಕೇಳಿ ಹಾಕಿಕೊಳ್ಳುತ್ತಿದ್ದೆ. ಹೊಸದು ಹೊಲಿಸೋಣ ಅಂತ ಅದೇ ಟೈಲರ್ ಹತ್ತಿರ ಹೋದೆ, ಅಳತೆಗೆ ಇರಲಿ ಅಂತ ಇದನ್ನೂ ಒಯ್ದಿದ್ದೆ. ಅವರು ಕುಪ್ಯವನ್ನು ಒಳಮಗ್ಗುಲು ತಿರುಗಿಸಿ ಮೇಜಿನ ಮೇಲೆ ಹರಡಿದರು. ಕನ್ನಡಕ ಮೇಲೆ ಸರಿಸಿ, ಬದಿಯ ಹೊಲಿಗೆಯನ್ನು ಬೆರಳ ತುದಿಯಲ್ಲಿ ಕಂಕುಳಿಂದ ಕೆಳಗಿನವರೆಗೆ ತಡವಿದರು. ಆಮೇಲೆ ನನ್ನ ಬೆರಳು ಹಿಡಿದು ಅಲ್ಲಿ ಇಟ್ಟರು. ಒಳಗೆ ಮಡಚಿದ ಬಟ್ಟೆ ದಪ್ಪಗೆ ತಾಗಿತು. ಎರಡೂ ಬದಿಗೆ ಒಂದೂವರೆ ಇಂಚು. ನಲವತ್ತು ವರ್ಷದ ಹಿಂದೆ ಹೊಲಿದ ಯಾರೋ, ಮುಂದೆ ಬೇಕಾಗಬಹುದು ಅಂತ ಬಿಟ್ಟಿದ್ದರು.

ಹೊಸದು ಬೇಡ ಅಂದೆ. ಅವರು ಹೊಲಿಗೆ ಬಿಚ್ಚಿ ಅಷ್ಟನ್ನೂ ಬಿಟ್ಟುಕೊಟ್ಟರು. ಬಿಚ್ಚಿದ ಜಾಗದಲ್ಲಿ ಬಟ್ಟೆ ಬಿಸಿಲು ಕಂಡಿರಲಿಲ್ಲ, ಅಲ್ಲಿ ಮಾತ್ರ ಕಡುಗಪ್ಪಿನ ಒಂದು ಪಟ್ಟಿ ಕಾಣುತ್ತದೆ. ಚೇಲೆ, ಅಂದರೆ ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ, ಕಟ್ಟಿದರೆ ಸೊಂಟದ ಹತ್ತಿರ ಮುಚ್ಚುತ್ತದೆ, ಕೆಳಗೆ ಸ್ವಲ್ಪ ಕಾಣುತ್ತದೆ. ನನಗೆ ಅದು ಹಾಗೇ ಇರಲಿ ಅನ್ನಿಸಿತು. ಕಳೆದ ಹುತ್ತರಿಗೆ ಅದನ್ನೇ ಹಾಕಿ, ಪೀಚೆಕತ್ತಿ ಅನ್ನುವ ಕಿರುಗತ್ತಿ ಸಿಕ್ಕಿಸಿಕೊಂಡು ಗದ್ದೆಗೆ ಇಳಿದೆ. ಕದಿರು ಕೊಯ್ಯಲು ಬಗ್ಗಿದಾಗ ಎಲ್ಲೂ ಬಿಗಿಯಲಿಲ್ಲ.

ಮರುದಿನ ಕುಪ್ಯವನ್ನು ಜಗಲಿಯ ತಂತಿಯ ಮೇಲೆ ಗಾಳಿಗೆ ಹಾಕಿದೆ, ಎರಡು ದಿನ. ಚೇಲೆಯನ್ನು ಹಳೆಯ ಮಡಿಕೆ ಬಿಟ್ಟು ಬೇರೆ ಕಡೆ ಮಡಚಿ ಬಿಳಿ ಮಲ್ ಬಟ್ಟೆಯಲ್ಲಿ ಸುತ್ತಿದೆ. ಅದೇ ಮಡಿಕೆಯಲ್ಲಿ ಇಟ್ಟರೆ ರೇಷ್ಮೆ ಅಲ್ಲೇ ಹರಿಯುತ್ತದೆ, ನುಸಿಗುಳಿಗೆ ತಾಗಿದರೆ ಜರಿ ಕಪ್ಪಾಗುತ್ತದೆ. ಈ ಬೇಸಿಗೆಯಲ್ಲಿ ಮದುವೆ ಬರಲಿ, ಬರದೇ ಇರಲಿ, ಮಳೆ ಹಿಡಿಯುವ ಮೊದಲು ಎರಡನ್ನೂ ಒಂದು ದಿನ ಹೊರಗೆ ತೆಗೆಯಬೇಕು.